ಆರುನೂರ ನಲವತ್ತು ಕೆಬಿ ಅಂಗಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಯಿ ಕೇರಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸುಳ್ಳಲ್ಲ. ಆದರೆ ಆ ಸಿಟ್ಟು ಒಂದು ಸಲ ಒಳ್ಳೆಯ ಕೆಲಸಕ್ಕೆ ಬಂತು. ಅದೂ ಮನುಷ್ಯರ ಮೇಲಲ್ಲ, ಒಂದು ಹಳೆಯ ಕಂಪ್ಯೂಟರಿನ ಮೇಲೆ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಅದು ದಿನಾ ನನಗೆ ಒಂದೇ ಮಾತು ಹೇಳುತ್ತಿತ್ತು: ಮೆಮೊರಿ ಸಾಲದು. ನಾನೂ ದಿನಾ ಅದಕ್ಕೆ ಒಂದೇ ಮಾತು ಹೇಳುತ್ತಿದ್ದೆ: ನೋಡುವಾ.

ಕೊಂಕಣ ರೈಲು ಓಡಲು ಶುರುವಾಗಿ ಒಂದೆರಡು ವರ್ಷ ಆಗಿದ್ದಿರಬೇಕು. ಹೊನ್ನಾವರದ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯ ಟೈಪಿಂಗ್ ಕ್ಲಾಸಿನಲ್ಲಿ ನಾನು ಕನ್ನಡ ಟೈಪಿಂಗ್ ಕಲಿಸುತ್ತಿದ್ದೆ. ಪಿಯುಸಿ ಮುಗಿಸಿ ಅಲ್ಲಿಗೇ ಕಲಿಯಲು ಹೋದವಳು. ಜೂನಿಯರ್, ಸೀನಿಯರ್ ಎರಡೂ ಪಾಸಾಗಿ ಅಲ್ಲೇ ಉಳಿದುಕೊಂಡೆ. ಕ್ಲಾಸಿನ ಮಾಲೀಕರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅರವತ್ತು ದಾಟಿದವರು, ಮನೆಮಾತು ಕೊಂಕಣಿ, ದೇವರೆಂದರೆ ವಿಪರೀತ ಭಯಭಕ್ತಿ. ಹೊಸ ನೋಟುಬುಕ್ಕು ತಂದರೆ ಮೊದಲ ಪುಟದಲ್ಲಿ ಶ್ರೀ, ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿದರೆ ಮೊದಲ ಅಕ್ಷರ ಶ್ರೀ. ಹಾಲಿನವನಿಗೆ ಬರೆಯುವ ಚೀಟಿಯ ತಲೆಯ ಮೇಲೂ ಶ್ರೀ ಇಲ್ಲದೆ ಅವರ ಪೆನ್ನು ಕೆಳಗೆ ಇಳಿಯುತ್ತಿರಲಿಲ್ಲ.

ನಮ್ಮ ಮನೆ ಶರಾವತಿ ಸೇತುವೆಯ ಆಚೆ, ಕಾಸರಕೋಡಿನಲ್ಲಿ. ಅಪ್ಪ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಆಯಿ ಕಡಲ ದಂಡೆಯ ಮರಳಿನ ಮೇಲೆ, ನಮ್ಮ ಮಾತಿನ ಹೊಯಿಗೆಯ ಮೇಲೆ, ಮೀನು ಒಣಗಿಸುತ್ತಿದ್ದಳು. ಮೀನು ಒಣಗಿಸುವ ಹೊಯಿಗೆಯಲ್ಲಿ ನಮ್ಮ ಕೇರಿಯ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಜಾಗ. ಬೇಲಿಯಿಲ್ಲ, ಗೆರೆಯಿಲ್ಲ, ಕಾಗದಪತ್ರವಿಲ್ಲ. ಆದರೂ ಇನ್ನೊಬ್ಬಳ ಜಾಗದಲ್ಲಿ ಯಾರಾದರೂ ನಾಲ್ಕು ಬಂಗಡೆ ಹರಡಿದರೆ ಸಾಕು, ಸಂಜೆಯವರೆಗೂ ಜಗಳ. ಮಗಳು ದೊಡ್ಡವಳಾದಾಗ ತಾಯಿ ತನ್ನ ಪಕ್ಕದಲ್ಲಿ ಅವಳಿಗೂ ಒಂದು ಜಾಗ ಹಿಡಿದಿಡುತ್ತಾಳೆ. ಆಯಿ ನನಗೂ ಹಿಡಿದಿಟ್ಟಿದ್ದಳು. ನಾನು ಹೊನ್ನಾವರಕ್ಕೆ ಹೋಗಲು ಶುರುಮಾಡಿ ನಾಲ್ಕು ವರ್ಷವಾದರೂ ಆ ಜಾಗದಲ್ಲಿ ಒಂದು ಹಳೆಯ ಬುಟ್ಟಿಯನ್ನು ಬೋರಲು ಹಾಕಿ, ಯಾರೂ ಬರದ ಹಾಗೆ ಕಾಯುತ್ತಿದ್ದಳು.

"ಇರ್ಲಿ, ನಿಂಗೆ ಬೇಕಾಗ್ತದೆ" ಎನ್ನುತ್ತಿದ್ದಳು. ಆ ಬುಟ್ಟಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯಲು ಕಾರಣವೂ ಇತ್ತು. ಕನ್ನಡ ಟೈಪಿಂಗ್ ಕಲಿಯಲು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಇದ್ದ ಮೂರು ಕನ್ನಡ ಯಂತ್ರಗಳಲ್ಲಿ ಒಂದರ ಅಕ್ಷರದ ಕಡ್ಡಿಗಳು ಮುರಿದಿದ್ದವು, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಮಾಸ್ತರು ಬಹಳ ದಿನ ಯೋಚನೆ ಮಾಡಿ, ಭಟ್ಕಳದಲ್ಲಿ ಗಲ್ಫಿನ ಸಾಮಾನು ಮಾರುವ ಒಬ್ಬ ಸಾಹೇಬರ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರು ತಂದರು. ಸಾಹೇಬರು ಗಲ್ಫಿನ ಆಫೀಸೊಂದರಲ್ಲಿ ಹದಿನೈದು ವರ್ಷ ಕೆಲಸ ಮಾಡಿ ಊರಿಗೆ ಮರಳಿದವರು. ಆ ಆಫೀಸಿನವರು ಹಳೆಯದೆಂದು ತೆಗೆದುಹಾಕಿದ ಯಂತ್ರಗಳನ್ನು ಜೊತೆಗೆ ತಂದಿದ್ದರು. ಬೇರೆ ಕಡೆ ಆಗಲೇ ಬಣ್ಣಬಣ್ಣದ ಕಿಟಕಿಗಳ ಕಂಪ್ಯೂಟರು ಬಂದಿತ್ತು. ನಮ್ಮದರಲ್ಲಿ ಡಾಸ್ ಮಾತ್ರ. ಕಪ್ಪು ಪರದೆ, ಒಂದು ಮಿಣುಕುವ ಗೆರೆ, ನಾವು ಹೊಡೆದ ಆಜ್ಞೆಗೆ ಅದರ ಉತ್ತರ.

ಅದೇ ಹೊತ್ತಿಗೆ ಕುಮಟೆಯ ಒಂದು ಪ್ರೆಸ್ಸಿನ ಮಾಲೀಕರು ಮಾಸ್ತರಿಗೆ ಒಂದು ಮಾತು ಕೊಟ್ಟರು. ಅವರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕರು ಕೆಲಸ ಬಿಟ್ಟಿದ್ದರು. ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಯಾರಾದರೂ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ತೆಗೆದುಕೊಟ್ಟರೆ ಅದರಿಂದಲೇ ಪ್ಲೇಟು ಮಾಡಿ ಅಚ್ಚು ಹಾಕುತ್ತೇನೆ ಎಂದಿದ್ದರು. "ಮೂರು ವಾರ ಬಿಟ್ಟು ಸೋಮವಾರ ಒಂದು ಪುಟ ತಕಂಡು ಬನ್ನಿ. ನಾಲ್ಕನೇ ಇಯತ್ತೆ ಕನ್ನಡ. ಚೊಲೊ ಬಂದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ಹುಬ್ಬಳ್ಳಿಗೆ ಕೊಡ್ತೆ."

ಮಾಸ್ತರು ಬಂದು ನನಗೆ ಅಷ್ಟೇ ಸೀದಾ ಹೇಳಿದರು. "ನೋಡು ತಂಗಿ, ಕನ್ನಡ ಬಂತು ಅಂದ್ರೆ ನೀನು ಇಲ್ಲೇ. ಬರ್ಲಿಲ್ಲ ಅಂದ್ರೆ ಯಂತ್ರ ಭಟ್ಕಳಕ್ಕೆ ವಾಪಸ್ಸು, ಕನ್ನಡ ಕ್ಲಾಸು ಬಂದ್. ಇಂಗ್ಲಿಷ್ ಕಲಿಸೂಕೆ ನಾನೊಬ್ನೇ ಸಾಕು." ಅಂದರೆ ಮೂರು ವಾರದ ನಂತರ ನನ್ನ ಜಾಗ ಒಂದೋ ಆ ಕುರ್ಚಿ, ಇಲ್ಲ ಬೋರಲು ಹಾಕಿದ ಬುಟ್ಟಿಯ ಅಡಿಯ ಹೊಯಿಗೆ. ನಾನು ಅವತ್ತೇ ತೀರ್ಮಾನ ಮಾಡಿದೆ, ಆ ಬುಟ್ಟಿಯನ್ನು ನಾನು ಎತ್ತುವುದಿಲ್ಲ.

ಕನ್ನಡ ಬರೆಯುವ ಪ್ರೋಗ್ರಾಮಿನ ಫ್ಲಾಪಿಗಳನ್ನು ಮಾಸ್ತರು ಯಾರಿಂದಲೋ ತರಿಸಿದ್ದರು. ಒಂದೊಂದೇ ಹಾಕಿ ಒಳಗೆ ಸೇರಿಸಿದ್ದಾಯಿತು. ಅದನ್ನು ಶುರುಮಾಡಿದರೆ ಬಂದದ್ದೇ ಆ ಮಾತು, ಮೆಮೊರಿ ಸಾಲದು. ಯಂತ್ರದಲ್ಲಿ ಮೆಮೊರಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಆದರೆ ಡಾಸ್‌ನ ಪದ್ಧತಿಯೇ ಬೇರೆ. ಮನೆ ಎಷ್ಟೇ ದೊಡ್ಡದಿರಲಿ, ಎಲ್ಲ ಕೆಲಸವೂ ಎದುರಿನ ಅಂಗಳದಲ್ಲೇ ನಡೆಯಬೇಕು, ಆ ಅಂಗಳ ಆರುನೂರ ನಲವತ್ತು ಕೆಬಿ. ಯಂತ್ರ ಎದ್ದ ಕೂಡಲೇ ಎರಡು ಫೈಲುಗಳನ್ನು ಓದುತ್ತದೆ. ಒಂದು ಕಾನ್ಫಿಗ್, ಇನ್ನೊಂದು ಆಟೋಎಕ್ಸೆಕ್. ಅವುಗಳಲ್ಲಿ ಸಾಲುಸಾಲಾಗಿ ಏನು ಬರೆದಿದೆಯೋ ಅದನ್ನೆಲ್ಲ ತಂದು ಅಂಗಳದಲ್ಲಿ ಕೂರಿಸುತ್ತದೆ. ಮೊದಲೇ ಬಂದು ಕೂತವರು ಜಾಸ್ತಿಯಾದರೆ ಕೊನೆಗೆ ಬರುವ ಕನ್ನಡಕ್ಕೆ ಕಾಲಿಡಲೂ ಜಾಗವಿಲ್ಲ. ಕನ್ನಡಕ್ಕೆ ಬೇಕಾದದ್ದು ಐನೂರ ಅರವತ್ತು. ನಮ್ಮಲ್ಲಿ ಖಾಲಿ ಇದ್ದದ್ದು ಐನೂರೂ ಇಲ್ಲ.

ಇದೆಲ್ಲ ನನಗೆ ಆಗ ಎಲ್ಲಿ ಗೊತ್ತಿತ್ತು? ಡಾಸ್‌ನಲ್ಲಿ ಹೆಲ್ಪ್ ಎಂದು ಹೊಡೆದರೆ ಉದ್ದುದ್ದ ಇಂಗ್ಲಿಷ್ ಪುಟಗಳು ತೆರೆಯುತ್ತಿದ್ದವು. ಮಾಸ್ತರು ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಹೋಗಿ, ಒಂದು ನಿದ್ದೆ ತೆಗೆದು, ಮೂರಕ್ಕೆ ಬರುತ್ತಿದ್ದರು. ಆ ಎರಡು ಗಂಟೆ ನನ್ನದು. ಒಂದು ಕೈಯಲ್ಲಿ ಡಬ್ಬಿಯ ಅನ್ನ, ಇನ್ನೊಂದು ಕೈಯಲ್ಲಿ ಇಂಗ್ಲಿಷ್–ಕನ್ನಡ ನಿಘಂಟು. ನಿಘಂಟಿನಲ್ಲಿ 'ಡ್ರೈವರ್' ಎಂದರೆ ಗಾಡಿ ಹೊಡೆಯುವವನು ಎಂದಿತ್ತು. ಇದರಲ್ಲಿ ಗಾಡಿ ಎಲ್ಲಿಂದ ಬಂತು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಅರ್ಥವಾದದ್ದನ್ನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ, ಅರ್ಥವಾಗದ್ದನ್ನು ಕೆಂಪು ಶಾಯಿಯಲ್ಲಿ ಹಾಗೇ ನಕಲು ಮಾಡಿದೆ. ಮೊದಲ ವಾರ ಪುಟವೆಲ್ಲ ಕೆಂಪು.

ಮೊದಲ ಗೆಲುವು ಸಿಕ್ಕಿದ್ದು ಶ್ರೀಯಿಂದ. ಯಂತ್ರ ತಂದ ದಿನವೇ ಮಾಸ್ತರು ನನ್ನನ್ನು ಕೂರಿಸಿ ಕಾನ್ಫಿಗ್ ಫೈಲಿನ ಮೊಟ್ಟಮೊದಲ ಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಹೊಡೆಸಿದ್ದರು. ಯಂತ್ರ ಮೊದಲು ಓದುವುದೇ ಅದನ್ನಲ್ಲವೇ, ಅದಕ್ಕೆ. ಅಂದಿನಿಂದ ಪ್ರತಿ ಬೆಳಿಗ್ಗೆ ಯಂತ್ರ ಎದ್ದ ಕೂಡಲೇ, ಮೊದಲ ಸಾಲಿನಲ್ಲಿ ತಪ್ಪಿದೆ, ಈ ಅಪ್ಪಣೆ ನನಗೆ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ದೂರುತ್ತಿತ್ತು.

"ಶ್ರೀ ಗೊತ್ತಿಲ್ವಂತೆ ಅದ್ಕೆ" ಎಂದೆ.

"ಹೊರದೇಶದಿಂದ ಬಂದದ್ದು, ಹೊಸತು" ಎಂದರು ಮಾಸ್ತರು. "ನಿಧಾನಕ್ಕೆ ರೂಢಿ ಆಗ್ತದೆ ಬಿಡು."

ರೂಢಿ ಆಗಲಿಲ್ಲ. ಎರಡನೇ ವಾರದ ಹೊತ್ತಿಗೆ ಹೆಲ್ಪ್ ಪುಟಗಳಲ್ಲಿ ರೆಮ್ ಎಂಬ ಮೂರಕ್ಷರದ ಮಾತು ಸಿಕ್ಕಿತು. ಯಾವ ಸಾಲಿನ ಮುಂದೆ ರೆಮ್ ಇದೆಯೋ ಆ ಸಾಲನ್ನು ಯಂತ್ರ ನೋಡಿಯೂ ನೋಡದ ಹಾಗೆ ದಾಟಿಹೋಗುತ್ತದೆ. ಸಾಲು ಅಳಿಯುವುದಿಲ್ಲ, ಅಲ್ಲೇ ಇರುತ್ತದೆ; ಕೆಲಸ ಮಾತ್ರ ಮಾಡುವುದಿಲ್ಲ, ಜಾಗವನ್ನೂ ಕೇಳುವುದಿಲ್ಲ. ಶ್ರೀಯ ಮುಂದೆ ರೆಮ್ ಹಾಕಿದೆ. ಮರುದಿನ ಯಂತ್ರ ಬಾಯಿ ಮುಚ್ಚಿಕೊಂಡು ಎದ್ದಿತು. ಮಾಸ್ತರು ನನ್ನ ಕಡೆ ನೋಡಿ, "ನಾ ಹೇಳಿದ್ನಲ್ಲ, ರೂಢಿ ಆಗ್ತದೆ ಅಂತ" ಎಂದರು. ರೆಮ್ ಹಾಕಿದ್ದನ್ನು ನಾನು ಹೇಳಲಿಲ್ಲ, ಅವತ್ತು ಸಿಟ್ಟೂ ಬರಲಿಲ್ಲ.

ರೆಮ್ ಸಿಕ್ಕ ಮೇಲೆ ನನ್ನ ಕೈಗೆ ಕತ್ತಿ ಬಂದ ಹಾಗಾಯಿತು. ನಮ್ಮಲ್ಲಿ ಮೌಸ್ ಇರಲಿಲ್ಲ, ಆದರೂ ಒಂದು ಸಾಲು ಮೌಸಿಗಾಗಿ ಜಾಗ ಹಿಡಿಯುತ್ತಿತ್ತು. ರೆಮ್. ಸಿಡಿ ಹಾಕುವ ಭಾಗವನ್ನು ಯಾರೋ ಮೊದಲೇ ಕಿತ್ತಿದ್ದರು. ಯಂತ್ರ ಮಾತ್ರ ಪ್ರತಿ ಬೆಳಿಗ್ಗೆ ಅದನ್ನು ಹುಡುಕಿ, ಸಿಗದೆ ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿತ್ತು. ರೆಮ್. ಅದರಿಂದ ಜಾಗವೇನೂ ಉಳಿಯಲಿಲ್ಲ, ನನಗೆ ಸಮಾಧಾನವಾಯಿತು ಅಷ್ಟೇ. ಬಳಿಕ ಡಾಸ್ ತಾನೇ ಅಂಗಳ ಬಿಟ್ಟು ಮೇಲಿನ ಮೆಮೊರಿಗೆ ಹೋಗುವಂತೆ ಒಂದು ಸಾಲು ಬರೆದೆ. ಒಟ್ಟಿಗೆ ಅಷ್ಟು ಜಾಗ ಬಿಟ್ಟುಕೊಟ್ಟಿತು ಪುಣ್ಯಾತ್ಮ.

ಕಷ್ಟ ಬಂದದ್ದು ಉಳಿದ ಸಣ್ಣಪುಟ್ಟದ್ದನ್ನು ಅಂಗಳದ ಮೇಲೆ ಅಟ್ಟದ ಹಾಗಿದ್ದ ಇನ್ನೊಂದು ಸಣ್ಣ ಮೆಮೊರಿಗೆ ಏರಿಸುವಾಗ. ಮೂರು ಏರುತ್ತಿದ್ದವು, ನಾಲ್ಕನೆಯದು ಜಾಗವಿಲ್ಲವೆಂದು ಕೆಳಗೇ ಉಳಿಯುತ್ತಿತ್ತು. ಲೆಕ್ಕ ಹಾಕಿದರೆ ಜಾಗ ಸಾಕು, ಆದರೂ ಹಿಡಿಯುವುದಿಲ್ಲ. "ಯಂತ್ರವೇ ಸರಿ ಇಲ್ಲ" ಎಂದು ನಾನು ಕೂಗಾಡಿದರೆ ಮಾಸ್ತರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕರು. ಆ ಸಂಜೆ ಮನೆಯಲ್ಲಿ ಮಾತು ಮಾತಿಗೆ ಇದು ಬಂತು. ಅಪ್ಪನಿಗೆ ಕಂಪ್ಯೂಟರು ಎಂದರೆ ಏನೆಂದೂ ಗೊತ್ತಿಲ್ಲ. ಸಣ್ಣ ಜಾಗದಲ್ಲಿ ನಾಲ್ಕು ಸಾಮಾನು ಹಿಡಿಸಬೇಕು, ಮೂರೇ ಹಿಡಿಯುತ್ತವೆ ಎಂದಷ್ಟೇ ಹೇಳಿದೆ.

"ಯಾವ್ದು ಮೊದ್ಲು ಹಾಕ್ದೆ?" ಎಂದ ಅಪ್ಪ.

"ಸಣ್ಣದು."

"ಅದೇ ಮತ್ತೆ. ಬೋಟಿಗೆ ಐಸ್ ಪೆಟ್ಗಿ ಮೊದ್ಲು ಹಾಕೂದು. ಸಣ್ಣದೆಲ್ಲ ಸಂದೀಲಿ ಎಲ್ಲಾದ್ರೂ ಕೂತ್ಕೊಳ್ತದೆ. ಸಣ್ಣದು ಮೊದ್ಲು ಹಾಕ್ದ್ರೆ ದೊಡ್ಡದು ಎಲ್ಲಿಗೆ ಹೋಗ್ಬೇಕು?"

ಮರುದಿನ ಸಾಲುಗಳ ಅನುಕ್ರಮ ಬದಲಿಸಿದೆ. ದೊಡ್ಡದು ಮೊದಲು, ಸಣ್ಣದು ಕೊನೆಗೆ. ನಾಲ್ಕೂ ಏರಿದವು. ಹೆಲ್ಪಿನ ನೂರು ಪುಟ ಓದಿದರೂ ನನಗೆ ಹೊಳೆಯದ್ದನ್ನು ಅಪ್ಪ ಗಂಜಿ ಉಣ್ಣುತ್ತಾ ಹೇಳಿಬಿಟ್ಟಿದ್ದ.

ಎಲ್ಲವೂ ಹೀಗೆ ಸಲೀಸಾಗಿ ಆಯಿತು ಎಂದುಕೊಳ್ಳಬೇಡಿ. ಒಂದು ಮಧ್ಯಾಹ್ನ ಜಾಗ ಹಿಂಡುವ ಹುರುಪಿನಲ್ಲಿ ಏನೋ ಒಂದು ಸಾಲು ತಪ್ಪು ಬರೆದು ಯಂತ್ರ ಏಳದೇ ಹೋಯಿತು. ಕಪ್ಪು ಪರದೆ, ಮಿಣುಕುವ ಗೆರೆಯೂ ಇಲ್ಲ. ಮೂರು ಸಲ ಬಂದ್ ಮಾಡಿ ಹಾಕಿದೆ, ಅದೇ ಕತೆ. ಗಂಟೆ ಎರಡೂವರೆ, ಮಾಸ್ತರು ಬರಲು ಅರ್ಧ ಗಂಟೆ. ನಿಜವಾಗಿಯೂ ಅಳು ಬಂತು. ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ, ಅರ್ಥವಾಗದೆ ನಕಲು ಮಾಡಿದ್ದ ಒಂದು ಸಾಲು ಕಣ್ಣಿಗೆ ಬಿತ್ತು, ಈಗ ಅರ್ಥವಾಯಿತು. ಯಂತ್ರ ಏಳುವಾಗ ಎಫ್ ಐದು ಒತ್ತಿದರೆ ಆ ಎರಡು ಫೈಲುಗಳನ್ನು ಓದದೆಯೇ ಏಳುತ್ತದೆ. ಎಫ್ ಎಂಟು ಒತ್ತಿದರೆ ಒಂದೊಂದು ಸಾಲಿಗೂ, ಇದು ಬೇಕೋ ಬೇಡವೋ ಎಂದು ಕೇಳುತ್ತದೆ. ಎಫ್ ಐದು ಒತ್ತಿದೆ. ಎದ್ದಿತು. ಮಾಸ್ತರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ತಪ್ಪು ಸಾಲು ತಿದ್ದಿ, ಮುಖ ತೊಳೆದುಕೊಂಡು ಕೂತಿದ್ದೆ. ಅವತ್ತಿನಿಂದ ಏನು ಬದಲಿಸುವ ಮೊದಲೂ ಎರಡೂ ಫೈಲುಗಳನ್ನು ಒಂದು ಫ್ಲಾಪಿಗೆ ನಕಲು ಮಾಡಿಟ್ಟುಕೊಂಡೆ.

ಮೂರನೇ ವಾರ ಶುರುವಾದಾಗ ಐನೂರ ಮೂವತ್ತೊಂದಕ್ಕೆ ಬಂದು ನಿಂತಿದ್ದೆ. ಇನ್ನು ಬೇಕಾದದ್ದು ಬರೀ ಇಪ್ಪತ್ತೊಂಬತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂದು ತೋರಿಸುವ ಪಟ್ಟಿಯಲ್ಲಿ ಒಂದು ವಿಚಿತ್ರ ಹೆಸರು ನಲವತ್ತಕ್ಕೂ ಹೆಚ್ಚು ಹಿಡಿದು ಕೂತಿತ್ತು. ಅಟ್ಟಕ್ಕೆ ಏರಿಸಿದರೆ ಯಂತ್ರವೇ ನಿಂತುಹೋಗುತ್ತಿತ್ತು. ಎಫ್ ಎಂಟು ಒತ್ತಿ, ಒಂದೊಂದೇ ಸಾಲಿಗೆ ಹೌದು ಹೌದು ಎನ್ನುತ್ತಾ ಬಂದು, ಆ ಸಾಲಿಗೆ ಬೇಡ ಎಂದೆ. ಎಲ್ಲ ಸರಿಯಾಗಿಯೇ ಎದ್ದಿತು. ದಿನಾ ಯಂತ್ರ ಏಳುವಾಗ ಪರದೆಯಲ್ಲಿ ಬರುತ್ತಿದ್ದ ಒಂದು ಸಾಲು ಅರಬಿ ಅಕ್ಷರ ಮಾತ್ರ ಬರಲಿಲ್ಲ.

ದುರದೃಷ್ಟಕ್ಕೆ ಅವತ್ತು ಮಾಸ್ತರು ನಿದ್ದೆ ತೆಗೆಯದೆ ಬೇಗ ಬಂದು ಹಿಂದೆ ನಿಂತಿದ್ದರು.

"ಅರಬಿ ಎಲ್ಲಿ ಹೋತು?"

"ತೆಗೀತಾ ಇದ್ದೆ. ಅದೇ ಜಾಗ ತಿಂತಾ ಇರೂದು."

ಮಾಸ್ತರ ಮುಖ ಬಿಳಿಚಿತು. "ತೆಗೂದಾ? ಅದು ಅವ್ರ ದೇವರ ಹೆಸರು ಮಾರಾಯ್ತಿ. ನಾವು ಶ್ರೀ ಹಾಕ್ದ ಹಾಗೆ ಅವ್ರು ಅದು ಹಾಕಿದ್ದು. ಶ್ರೀ ಯಾರಾದ್ರೂ ಅಳಿಸಿದ್ರೆ ನಂಗೆ ಹೆಂಗಾಗ್ತದೆ? ಬೇಡ, ಬೇಡ. ದೇವರ ಅಕ್ಷರ ಅಳಿಸಿ ಬರೋ ಕೆಲಸ ನಂಗೆ ಬೇಡ."

"ದೇವರ ಹೆಸರಾದ್ರೆ ಅದಕ್ಕೆ ಅಷ್ಟು ಮೆಮೊರಿ ಎಂತಕೆ ಬೇಕು ಮಾಸ್ತರ್ರೆ?"

"ನಿಂಗೆ ಅರಬಿ ಓದೂಕೆ ಬರ್ತದಾ?"

ಬರುವುದಿಲ್ಲ. ನಿಜ ಹೇಳಬೇಕೆಂದರೆ ನನ್ನೊಳಗೂ ಅಳುಕಿತ್ತು. ಓದಲು ಬಾರದ ಅಕ್ಷರವನ್ನು ಅಳಿಸಲು ಯಾರಿಗಾದರೂ ಕೈ ಬರುತ್ತದೆಯೇ? ಶಾಲೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಆದರೆ ಇಪ್ಪತ್ತೊಂಬತ್ತು ಕೆಬಿಗಾಗಿ ನಾನು ಆ ಬುಟ್ಟಿ ಎತ್ತಬೇಕೇ? ಓದಲು ಬರುವವರನ್ನು ಕೇಳಿದರಾಯಿತಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಯಂತ್ರ ಹಾಕಿ, ಪರದೆಯ ಆ ಸಾಲನ್ನು ಬಿಳಿ ಹಾಳೆಯ ಮೇಲೆ ನಿಧಾನವಾಗಿ, ಒಂದೊಂದು ಚುಕ್ಕಿಯೂ ತಪ್ಪದಂತೆ ಬಿಡಿಸಿದೆ. ರಂಗೋಲಿ ಬಿಡಿಸುವಾಗಲೂ ನಾನು ಅಷ್ಟು ಜಾಗ್ರತೆ ಮಾಡಿದ್ದಿಲ್ಲ. ಹಾಳೆಯನ್ನು ಮಡಚದೆ ಹೊಸ ನೋಟುಬುಕ್ಕಿನೊಳಗೆ ಇಟ್ಟು, ಹಲ್ಲುನೋವೆಂದು ಹೇಳಿ ಅರ್ಧ ದಿನ ರಜೆ ತೆಗೆದುಕೊಂಡು ಭಟ್ಕಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೋಟುಬುಕ್ಕು ತೊಡೆಯ ಮೇಲೆ.

ಅಂಗಡಿ ಸಿಗುವುದು ಕಷ್ಟವಾಗಲಿಲ್ಲ. ಗೋಡೆಯ ತುಂಬ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಅತ್ತರಿನ ಬಾಟಲಿ. ಬಿಳಿ ಗಡ್ಡದ ಸಾಹೇಬರು ಯಾರೊಡನೆಯೋ ತಮ್ಮ ಮನೆಮಾತು ನವಾಯತಿಯಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಕನ್ನಡಕ್ಕೆ ತಿರುಗಿದರು.

"ಬನ್ನಿ ತಂಗಿ, ಎಂತ ಬೇಕು?"

"ಸಾಹೇಬ್ರೆ, ನಾನು ಹೊನ್ನಾವರದ ಟೈಪಿಂಗ್ ಕ್ಲಾಸಿನವಳು. ನಿಮ್ಮ ಕಂಪ್ಯೂಟರಲ್ಲಿ ಈ ಸಾಲು ಬರ್ತದೆ. ಇದು ಎಂತ ಅಂತ ಹೇಳಿ." ನೋಟುಬುಕ್ಕು ತೆರೆದು ಹಾಳೆ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಹಾಳೆಯನ್ನು ಸ್ವಲ್ಪ ದೂರ ಹಿಡಿದರು. "ನೀವೇ ಬರ್ದಿದ್ದಾ? ಎಡದಿಂದ ಶುರು ಮಾಡಿದ್ರಿ, ಅಲ್ವಾ? ಆದ್ರೂ ಓದ್ಲಿಕ್ಕೆ ಆಗ್ತದೆ, ಮಾಶಾಅಲ್ಲಾ." ಮತ್ತೆ ಓದಿದರು, ಭುಜ ಕುಲುಕಿಸಿ ನಗತೊಡಗಿದರು. "ಇದು, 'ಅರಬಿ ತಯಾರಿದೆ, ಭಾಷೆ ಬದಲು ಮಾಡ್ಲಿಕ್ಕೆ ಎರಡು ಕೀಲಿ ಒಟ್ಟಿಗೆ ಒತ್ತಿ' ಅಂತ ಇದೆ. ಬಸ್, ಅಷ್ಟೇ. ನಮ್ಮ ಆಫೀಸಲ್ಲಿ ಅರಬಿ ಕಾಗದ ಬರಿತಿದ್ವಲ್ಲ, ಅದ್ರ ಪ್ರೋಗ್ರಾಮು."

"ದೇವರ ಹೆಸರಲ್ವಾ?"

"ದೇವರ ಹೆಸರಾ!" ಅವರ ನಗು ನಿಂತಿತು. ಹೊಸ ನೋಟುಬುಕ್ಕನ್ನೂ, ಒಂದು ಮಡಿಕೆಯೂ ಇಲ್ಲದ ಹಾಳೆಯನ್ನೂ ನೋಡಿದರು. "ದೇವರ ಹೆಸರು ಅಂತ ತಿಳ್ಕೊಂಡು ಇದನ್ನ ಹೀಗೆ ತಂದ್ರಾ ಹೊನ್ನಾವರದಿಂದ?"

ಮಾಸ್ತರು ಅಳಿಸಲು ಬಿಡುತ್ತಿಲ್ಲ, ಸೋಮವಾರ ಕುಮಟೆಗೆ ಪುಟ ಕೊಡಬೇಕು, ಇಲ್ಲದಿದ್ದರೆ ಯಂತ್ರವೂ ನಾನೂ ವಾಪಸ್ಸು ಎಂದು ಒಂದೇ ಉಸಿರಿಗೆ ಹೇಳಿದೆ. ನಾನು ಹೇಳಿದರೆ ಮಾಸ್ತರು ನಂಬುವುದಿಲ್ಲ, ನೀವೇ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಬೇಕು ಎಂದು ಹಟ ಹಿಡಿದೆ. ಅವರು ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ದಪ್ಪದಪ್ಪ ಅಕ್ಷರ ಬರೆದರು. ಇದು ಯಂತ್ರದ ಮಾತು, ದೇವರ ಮಾತಲ್ಲ, ಧಾರಾಳವಾಗಿ ತೆಗೆಯಬಹುದು, ನಿಮ್ಮ ಮರ್ಯಾದೆಗೆ ನನ್ನ ಸಲಾಮು. ಆ ಹಾಳೆಯ ತಲೆಯ ಮೇಲೆ ೭೮೬ ಎಂದು ಮೊದಲೇ ಅಚ್ಚಾಗಿತ್ತು.

"ಇದು?" ಎಂದು ಬೆರಳಿಟ್ಟು ಕೇಳಿದೆ.

"ಇದು ಹೌದು" ಎಂದರು ಸಾಹೇಬರು. "ದೇವರ ಹೆಸರಿಂದ ಶುರು ಅಂತ ಅರ್ಥ."

ಮಧ್ಯಾಹ್ನ ಮೂರಕ್ಕೆ ಹೊನ್ನಾವರದಲ್ಲಿ ಮಾಸ್ತರ ಮೇಜಿನ ಮೇಲೆ ಆ ಹಾಳೆ ಇಟ್ಟೆ. ಹಲ್ಲುನೋವಿನ ವಿಷಯ ಅವರು ಕೇಳಲಿಲ್ಲ. ಎರಡು ಸಲ ಓದಿದರು. ಬಳಿಕ ತಾವೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, "ಅಳಿಸಬೇಡ. ಆ ರೆಮ್ ಇದ್ಯಲ್ಲ, ಅದು ಹಾಕು" ಎಂದರು. ಶ್ರೀಯ ಮುಂದೆ ನಾನು ರೆಮ್ ಹಾಕಿದ್ದು ಅವರಿಗೆ ಎಂದೋ ಗೊತ್ತಾಗಿತ್ತು, ಹೇಳಿರಲಿಲ್ಲ ಅಷ್ಟೇ.

ರೆಮ್ ಹಾಕಿ ಯಂತ್ರವನ್ನು ಮತ್ತೆ ಎಬ್ಬಿಸಿದೆ. ಐನೂರ ಎಪ್ಪತ್ತಕ್ಕೂ ಮೇಲೆ ಖಾಲಿ. ಕನ್ನಡದ ಪ್ರೋಗ್ರಾಮಿನ ಹೆಸರು ಹೊಡೆದು ಎಂಟರ್ ಒತ್ತಿದೆ. ಪರದೆ ಒಮ್ಮೆ ಕಪ್ಪಾಯಿತು. ನೀಲಿ ಪರದೆ ಬಂತು, ಅದರ ಮೇಲ್ಗಡೆ ಕನ್ನಡ ಅಕ್ಷರ. ಅ ಒತ್ತಿದೆ, ಅ ಬಂತು. ಮೂರು ವಾರದಲ್ಲಿ ಮೊದಲ ಸಲ ಯಂತ್ರ ನನ್ನ ಮಾತು ಕೇಳಿತ್ತು. ಖುಷಿಯಾಯಿತು ಎಂದರೆ ಸಾಲದು, ಮೇಜು ಗುದ್ದಿ ಕೂಗಿದೆ. ಇಂಗ್ಲಿಷ್ ಟೈಪ್ ಮಾಡುತ್ತಿದ್ದವರೆಲ್ಲ ನಿಲ್ಲಿಸಿ ತಿರುಗಿ ನೋಡಿದರು.

ಮಾಸ್ತರಿಗೆ ಮಾತ್ರ ಪೂರ್ತಿ ಸಮಾಧಾನವಿಲ್ಲ. "ಈಗ ಯಾರ ಹೆಸರೂ ಇಲ್ದೆ ಶುರು ಆಗ್ತದಲ್ಲ" ಎಂದು ಗೊಣಗಿದರು. ಪರದೆಯ ಮೇಲೆ ಒಂದು ಸಾಲು ತೋರಿಸಲು ಎಕೋ ಎಂಬ ಅಪ್ಪಣೆಯಿದೆ, ತೋರಿಸಿ ಮುಗಿದ ಮೇಲೆ ಅದು ಒಂದು ಚೂರೂ ಜಾಗ ಹಿಡಿಯುವುದಿಲ್ಲ ಎಂದೆ. ಶ್ರೀ ಎಂದು ಹಾಕಿಸಿದರು. ಸಾಹೇಬರ ಹಾಳೆಯನ್ನು ಮತ್ತೆ ನೋಡಿ, "ಯಂತ್ರ ಕೊಟ್ಟವ್ರದೂ ಇರ್ಲಿ" ಎಂದು ೭೮೬ ಕೂಡ ಹಾಕಿಸಿದರು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಪ್ರಶ್ನೆ ಬಂತು. ಇನ್ನು ಇದಕ್ಕೊಂದು ವಾರ ಬೇಡವೆಂದು ನಾನು ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿಬಿಟ್ಟೆ.

ಸೋಮವಾರ ನಾಲ್ಕನೇ ಇಯತ್ತೆಯ ಪುಟ ಹಿಡಿದು ಇಬ್ಬರೂ ಕುಮಟೆಗೆ ಹೋದೆವು. ಪ್ರೆಸ್ಸಿನ ಮಾಲೀಕರು ಪುಟವನ್ನು ಬೆಳಕಿಗೆ ಹಿಡಿದರು, ಒತ್ತಕ್ಷರಗಳ ಮೇಲೆ ಉಗುರು ಓಡಿಸಿದರು, ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ ಗೆರೆಗಳನ್ನು ಎಣಿಸಿದರು. ಒಂದೂ ತಪ್ಪು ಸಿಗಲಿಲ್ಲ.

"ಯಂತ್ರ ಕೂಡ್ಸಿದ್ದು ಯಾರು? ಹುಬ್ಬಳ್ಳಿಯವ್ರಾ?"

ಎಲ್ಲದಕ್ಕೂ ನಾವು, ನಮ್ಮಲ್ಲಿ ಎನ್ನುವ ಮಾಸ್ತರು ಅವತ್ತು ಹಾಗೆನ್ನಲಿಲ್ಲ. "ಇವಳು" ಎಂದರು. "ಒಬ್ಬಳೇ."

"ಆತು ಹಂಗಾ‌ದ್ರೆ" ಎಂದರು ಮಾಲೀಕರು. ಮುಂದಿನ ವಾರದಿಂದ ಕೆಲಸ ಬರತೊಡಗಿತು. ಆ ಯಂತ್ರದ ಮುಂದೆ ನಾನು ಏಳು ವರ್ಷ ಕೂತೆ, ಬಳಿಕ ಬೇರೆ ಯಂತ್ರಗಳ ಮುಂದೆ.

ಕುಮಟೆಯಿಂದ ಬಂದ ಸಂಜೆ ನಾನು ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಆಯಿ ಹೊಯಿಗೆಯ ಮೇಲೆ ಮೀನು ಒಟ್ಟುಮಾಡುತ್ತಿದ್ದಳು. ಪಕ್ಕದಲ್ಲಿ ಅದೇ ಬುಟ್ಟಿ ಬೋರಲಾಗಿತ್ತು. "ಆಯಿ, ಆ ಬುಟ್ಟಿ ತೆಗೆ. ಜಾಗ ಯಾರಿಗಾದ್ರೂ ಕೊಡು. ನಾ ಬರೂದಿಲ್ಲ ಇನ್ನು" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಅಕ್ಕಪಕ್ಕದವರಿಗೂ ಕೇಳಲಿ ಎಂದು. ಆಯಿ ತಲೆಯೆತ್ತಿ ನನ್ನನ್ನು ನೋಡಿದಳು.

"ಖರೆ ಹೇಳ್ತ್ಯಾ?"

"ಖರೆ."

"ಆತು" ಎಂದಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹೊಯಿಗೆಯ ಕಡೆ ನೋಡಿದೆ. ಬುಟ್ಟಿ ಇರಲಿಲ್ಲ. ಆಚೆಮನೆಗೆ ಹೊಸತಾಗಿ ಮದುವೆಯಾಗಿ ಬಂದ ಸೊಸೆ ಅಲ್ಲಿ ಬಗ್ಗಿ ಬಂಗಡೆ ಹರಡುತ್ತಿದ್ದಳು. ಆಯಿ ಪಕ್ಕದಲ್ಲಿ ನಿಂತು, ಎಲ್ಲಿಂದ ಎಲ್ಲಿಯವರೆಗೆ ಎಂದು ಕೈ ಮಾಡಿ ಅವಳಿಗೆ ತೋರಿಸುತ್ತಿದ್ದಳು. ಕೊಡು ಎಂದವಳು ನಾನೇ. ಆದರೂ ದಾರಿಯಲ್ಲೇ ನಿಂತು ನೋಡಿದೆ. ಮೂರು ವಾರ ನಾನು ಒಂದು ಸಾಲನ್ನೂ ಅಳಿಸದೆ, ಎಲ್ಲದರ ಮುಂದೆಯೂ ರೆಮ್ ಹಾಕಿಟ್ಟು, ಬೇಕಾದರೆ ನಾಳೆ ತೆಗೆಯಬಹುದು ಎಂದು ಕೆಲಸ ಮಾಡಿದ್ದೆ. ಆಯಿಗೆ ರೆಮ್ ಗೊತ್ತಿರಲಿಲ್ಲ. ನನ್ನ ಮಾತು ನಂಬಿ ಅಳಿಸಿಯೇ ಬಿಟ್ಟಿದ್ದಳು.

ಹೊನ್ನಾವರದ ಬಸ್ಸು ಬಂತು. ಓಡಿಹೋಗಿ ಹತ್ತಿದೆ.